ಕಡಲಂಚಿನ ಹಕ್ಕಿ: ಚಿತ್ರ ಬೇಟೆಯಾಗದೆ ಸಾಕ್ಷಿಯಾಗಲಿ

ಮಳೆಗಾಲದ ಅಬ್ಬರ ಅಡಗಿ, ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊಯ್ಲಿನ ಸಿದ್ಧತೆ ಆರಂಭವಾಗುವ ಹೊತ್ತಿಗೆ ಕರಾವಳಿಯ ಅಳಿವೆಗಳಿಗೆ ಎರಡು ಬಗೆಯ ಅತಿಥಿಗಳು ಬಂದಿಳಿಯುತ್ತಾರೆ. ಮೊದಲನೆಯವರು ಟಿಬೆಟ್ ಪ್ರಸ್ಥಭೂಮಿಯಿಂದ, ಮಧ್ಯ ಏಷ್ಯಾದಿಂದ, ಉತ್ತರ ಧ್ರುವದ ಅಂಚಿನ ತಂಡ್ರಾ ಬಯಲಿನಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ದಡಹಕ್ಕಿಗಳು. ಎರಡನೆಯವರು ವಾರದ ರಜೆಯಲ್ಲಿ ಘಟ್ಟ ಇಳಿದು, ಉದ್ದನೆಯ ಮಸೂರಗಳನ್ನು ಹೆಗಲಿಗೇರಿಸಿಕೊಂಡು ಬರುವ ಛಾಯಾಗ್ರಾಹಕರು. ಇವರಲ್ಲಿ ನಗರವಾಸಿಗಳು ಇರುವಂತೆಯೇ ಸಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿಗಳ ತರುಣರೂ ಇದ್ದಾರೆ. ಕೈಗೆಟುಕುವ ಬೆಲೆಯ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹಕ್ಕಿಯ ಚಿತ್ರ ತೆಗೆಯುವುದು ಸಿರಿವಂತರ ಹವ್ಯಾಸವಾಗಿ ಉಳಿದಿಲ್ಲ. ಇದು ಸ್ವಾಗತಾರ್ಹ ಸಂಗತಿಯೇ ಹೌದು. ಬಂದೂಕು ಹಿಡಿಯುತ್ತಿದ್ದ ಕೈ ಕ್ಯಾಮೆರಾ ಹಿಡಿಯಿತೆಂದರೆ ಯಾರು ತಾನೇ ಸಂತೋಷಪಡುವುದಿಲ್ಲ?

ಆದರೆ ಕ್ಯಾಮೆರಾ ಹಿಡಿದ ಮಾತ್ರಕ್ಕೆ ಬೇಟೆಯ ಮನೋಭಾವ ಅಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಪರಿಸರಾಸಕ್ತರು ಈಗ ನೇರವಾಗಿ ಕೇಳಿಕೊಳ್ಳಬೇಕಾಗಿದೆ. ಮರಳ ದಿಣ್ಣೆಯ ಮೇಲೆ ವಿಶ್ರಮಿಸುತ್ತಿರುವ ನೂರಾರು ಹಕ್ಕಿಗಳತ್ತ ಬೇಕೆಂದೇ ಓಡಿ, ಅವು ಒಮ್ಮೆಲೇ ಎದ್ದು ಆಕಾಶ ತುಂಬುವ ದೃಶ್ಯವನ್ನು ಸೆರೆಹಿಡಿಯುವುದು ಇಂದು ಸಾಮಾನ್ಯವಾಗಿಬಿಟ್ಟಿದೆ. ಹಾಗೆ ತೆಗೆದ ಚಿತ್ರಕ್ಕೆ ಮೆಚ್ಚುಗೆ ದೊರೆಯುತ್ತದೆ, ಕೆಲವೊಮ್ಮೆ ಬಹುಮಾನವೂ ಬರುತ್ತದೆ. ಆ ಹಾರಾಟದ ವೆಚ್ಚವನ್ನು ತೆತ್ತವರು ಯಾರು ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಕೊಬ್ಬಿನ ಲೆಕ್ಕ, ಭರತದ ಗಡಿಯಾರ

ದಡಹಕ್ಕಿಗಳ ಬದುಕು ಎರಡು ಕಟ್ಟುಗಳಲ್ಲಿ ಸಿಲುಕಿದೆ. ಒಂದು, ಭರತ-ಇಳಿತ. ಕರ್ನಾಟಕದ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಕಡಲು ಏರಿ ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಆ ವೇಳೆ ಸುಮಾರು 50 ನಿಮಿಷಗಳಷ್ಟು ಮುಂದೆ ಸರಿಯುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರ ಬಯಲೇ ಈ ಹಕ್ಕಿಗಳ ಅನ್ನದ ತಟ್ಟೆ. ಗಿಡ್ಡ ಕೊಕ್ಕಿನ ಪ್ಲೋವರ್ ಹಕ್ಕಿಗಳು ಕಣ್ಣಿನಿಂದ ನೋಡಿ, ಓಡಿ, ನಿಂತು, ಮೇಲ್ಪದರದ ಹುಳುವನ್ನು ಹೆಕ್ಕುತ್ತವೆ. ಸ್ಯಾಂಡ್‌ಪೈಪರ್ ಜಾತಿಯವು ಕೊಕ್ಕಿನ ತುದಿಯ ಸ್ಪರ್ಶದಿಂದಲೇ ಕೆಸರೊಳಗಿನ ಆಹಾರವನ್ನು ಪತ್ತೆಹಚ್ಚುತ್ತವೆ. ಬಾಗಿದ ನೀಳ ಕೊಕ್ಕಿನ ಕರ್ಲ್ಯೂ ಎಲ್ಲರಿಗಿಂತ ಆಳಕ್ಕೆ ಇಳಿಯುತ್ತದೆ. ನೀರು ಏರಿದಾಗ ಈ ತಟ್ಟೆ ಮುಚ್ಚಿಹೋಗುತ್ತದೆ. ಆಗ ಹಕ್ಕಿಗಳೆಲ್ಲ ಮರಳ ದಿಣ್ಣೆಯನ್ನೋ, ಉಪ್ಪಿನಾಗರದ ಬದುವನ್ನೋ ಸೇರಿ, ಒಂಟಿಗಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ಮುಂದಿನ ಇಳಿತಕ್ಕಾಗಿ ಕಾಯುತ್ತವೆ. ಉಂಡದ್ದನ್ನು ಮೈಗೂಡಿಸಿಕೊಳ್ಳುವ, ಗರಿ ಓರಣಗೊಳಿಸುವ ವೇಳೆ ಇದು.

ಎರಡನೆಯ ಕಟ್ಟು ವಲಸೆ. ಕರ್ನಾಟಕದ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಟಿಬೆಟನ್ ಸ್ಯಾಂಡ್ ಪ್ಲೋವರ್ ಹಿಡಿಯಷ್ಟು ಗಾತ್ರದ ಹಕ್ಕಿ. ಲಿಟಲ್ ಸ್ಟಿಂಟ್ ಅದಕ್ಕಿಂತಲೂ ಪುಟ್ಟದು. ಅದರ ತೂಕ ಸುಮಾರು 25 ಗ್ರಾಂ, ಅಷ್ಟರಲ್ಲಿಯೇ ಅದು ಆರ್ಕ್‌ಟಿಕ್ ತಂಡ್ರಾಕ್ಕೆ ಹೋಗಿ ಬರುತ್ತದೆ. ಈ ಪಯಣದ ಇಂಧನ ಕೊಬ್ಬು. ಒಂದು ಗ್ರಾಂ ಪಿಷ್ಟ ಕೊಡುವ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಒಂದು ಗ್ರಾಂ ಕೊಬ್ಬು ಕೊಡುತ್ತದೆ. ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ದಡಹಕ್ಕಿ ಹೊರಡುವ ಮುನ್ನ ಮೈತುಂಬ ಕೊಬ್ಬು ಸಂಗ್ರಹಿಸಿ, ಹಾರಾಟದಲ್ಲಿ ಬೇಡವಾಗುವ ಕರುಳು, ಯಕೃತ್ತುಗಳನ್ನೇ ಕುಗ್ಗಿಸಿಕೊಳ್ಳುತ್ತದೆ. 2022ರ ಅಕ್ಟೋಬರ್‌ನಲ್ಲಿ ಈ ಜಾತಿಯ ಐದು ತಿಂಗಳ ಪ್ರಾಯದ ಮರಿಹಕ್ಕಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ ಕ್ರಮಿಸಿದುದು ಉಪಗ್ರಹ ಸಾಧನದಿಂದ ದಾಖಲಾಯಿತು. ಅಂತಹ ಹಕ್ಕಿಯ ಪಾಲಿಗೆ ಪ್ರತಿಯೊಂದು ಗ್ರಾಂ ಕೊಬ್ಬೂ ದಾರಿಯ ಬುತ್ತಿ.

ಈಗ ಒಂದು ಸರಳ ಲೆಕ್ಕವನ್ನು ಹಾಕಬಹುದು. ಒಂದು ಇಳಿತದಲ್ಲಿ ಕೆಸರ ಬಯಲು ಐದು ಗಂಟೆಗಳ ಕಾಲ ತೆರೆದಿರುತ್ತದೆ ಎಂದು ಹಿಡಿದರೆ ಅದು 300 ನಿಮಿಷ. ಒಬ್ಬರಾದ ಮೇಲೆ ಒಬ್ಬರಂತೆ ಬಂದವರು ಹಕ್ಕಿಗಳನ್ನು ಹತ್ತು ಸಲ ಎಬ್ಬಿಸಿದರೆಂದೂ, ಪ್ರತಿಸಲ ಎದ್ದು, ಸುತ್ತಿ, ಇಳಿದು, ಭಯ ಕಳೆದು ಮತ್ತೆ ಕೊಕ್ಕು ನೆಲಕ್ಕಿಡಲು ಹತ್ತು ನಿಮಿಷ ಬೇಕಾಯಿತೆಂದೂ ಭಾವಿಸಿದರೆ ಆ ಹೊತ್ತಿನ ಊಟದ ಮೂರನೆಯ ಒಂದು ಭಾಗ ಹೋಯಿತು. ಹಾರಾಟಕ್ಕೆ ಸುಟ್ಟ ಕೊಬ್ಬು ಇದರ ಮೇಲಿನ ನಷ್ಟ. ಉತ್ತರಕ್ಕೆ ಹೊರಡುವ ಮುನ್ನ, ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ, ಈ ನಷ್ಟವನ್ನು ತುಂಬಿಕೊಳ್ಳಲು ಹಕ್ಕಿಗೆ ಕಾಲಾವಕಾಶ ಇರುವುದಿಲ್ಲ. ಅಳಿವೆಯಲ್ಲಿ ಆದ ಹಾನಿ ಅಳಿವೆಯಲ್ಲಿ ಕಾಣುವುದಿಲ್ಲ. ಹಕ್ಕಿ ದಾರಿಯಲ್ಲೆಲ್ಲೋ ಬೀಳಬಹುದು, ಅಥವಾ ಗೂಡಿನ ನೆಲೆ ತಲುಪಿಯೂ ಮೊಟ್ಟೆಯಿಡಲು ಸೋಲಬಹುದು. ಚಿತ್ರ ತೆಗೆದವರಿಗೆ ಅದು ಎಂದಿಗೂ ತಿಳಿಯುವುದಿಲ್ಲ.

ಘಟ್ಟದ ಮೇಲಿನವರಿಗೇಕೆ ಈ ಚಿಂತೆ?

ಕಡಲ ಹಕ್ಕಿಯ ಚಿಂತೆ ಕರಾವಳಿಯವರಿಗಿರಲಿ, ಮಲೆನಾಡಿಗೆ ತನ್ನದೇ ಸಮಸ್ಯೆಗಳಿವೆ ಎನ್ನುವವರಿದ್ದಾರೆ. ಅವರು ನದಿಯ ದಾರಿಯನ್ನೊಮ್ಮೆ ನೆನೆಯಬೇಕು. ಸಿರಸಿಯ ಆಸುಪಾಸಿನಲ್ಲಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ, ಘಟ್ಟದ ಕಾಡಿನ ತರಗೆಲೆ, ಮಣ್ಣುಗಳ ಸತ್ವವನ್ನು ಹೊತ್ತು ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರು, ಉಪ್ಪುನೀರು, ಹೂಳು ಋತುಮಾನಕ್ಕೆ ತಕ್ಕಂತೆ ಬೆರೆಯುವುದರಿಂದಲೇ ಅಲ್ಲಿ ಬಳಚು, ಚಿಪ್ಪಿಕಲ್ಲು, ಸಿಗಡಿ, ಏಡಿಗಳು ಸಮೃದ್ಧವಾಗಿವೆ. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಳಿದ ಕೂಳೆಯ ನಡುವೆ ನೀರು ಆಡಿ ಮೀನು, ಸಿಗಡಿಗಳಿಗೆ ಆಸರೆಯಾಗುತ್ತದೆ. ಸಾಣಿಕಟ್ಟೆಯ ಉಪ್ಪಿನಾಗರವೂ ಇದೇ ಅಳಿವೆಯ ಕೂಸು. ರೈತ, ಮೀನುಗಾರ, ಉಪ್ಪು ತೆಗೆಯುವವ, ಬಳಚು ಆರಿಸುವ ಮಹಿಳೆ, ದೂರದೇಶದ ಹಕ್ಕಿ ಇವರೆಲ್ಲರೂ ಉಣ್ಣುವುದು ಒಂದೇ ಕೆಸರಿನ ಅನ್ನವನ್ನು.

ಪಕ್ಕದ ಶರಾವತಿಯನ್ನು ಹೋಲಿಸಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ವಿದ್ಯುತ್ ಉತ್ಪಾದನೆಯ ಬಳಿಕ ವರ್ಷವಿಡೀ ಹರಿದುಬರುವ ಸಿಹಿನೀರು ಹೊನ್ನಾವರದ ಅಳಿವೆಯ ಲವಣಾಂಶವನ್ನು ತಗ್ಗಿಸಿತು. ಅಲ್ಲಿ ಚಿಪ್ಪುಜೀವಿಗಳು ಕುಸಿದುದನ್ನು, ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಉಳಿದುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಘಟ್ಟದ ಮೇಲೆ ಕೈಗೊಂಡ ತೀರ್ಮಾನದ ಫಲ ಕೆಸರಿನಲ್ಲಿ ಕಾಣಿಸಿಕೊಂಡ ಬಗೆ ಇದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ ಸುಮಾರು 4,800 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ, 2000ದ ದಶಕದಲ್ಲಿ, ಇದೇ ಅಳಿವೆಯ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪವಿತ್ತು, ಜನರು ಅದನ್ನು ವಿರೋಧಿಸಿದರು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಅರಿತಿರಬೇಕು. ಹೀಗಿರುವಾಗ ಅಳಿವೆಯ ಹಕ್ಕಿ ಮಲೆನಾಡಿಗೆ ಹೊರಗಿನದಲ್ಲ. ಅದು ಮಲೆನಾಡಿನ ನದಿಯ ಆರೋಗ್ಯವನ್ನು ಕೊನೆಯ ತಿರುವಿನಲ್ಲಿ ಪರೀಕ್ಷಿಸಿ ಹೇಳುವ ಸಾಕ್ಷಿ.

ಮೊದಲ ಚಿತ್ರ ತೆಗೆದವರ ತಾಳ್ಮೆ

ಹಕ್ಕಿ ಛಾಯಾಗ್ರಹಣದ ಇತಿಹಾಸವೇ ಒಂದು ಪಾಠ. 1895ರಲ್ಲಿ ಇಂಗ್ಲೆಂಡಿನ ಆರ್. ಬಿ. ಲಾಡ್ಜ್ ಎಂಬಾತ ಗೂಡಿನಲ್ಲಿ ಕಾವು ಕುಳಿತ ಲ್ಯಾಪ್‌ವಿಂಗ್ ಹಕ್ಕಿಯ ಚಿತ್ರಕ್ಕಾಗಿ ಅಲ್ಲಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಪದಕ ಪಡೆದ. ಪ್ರಕೃತಿ ಛಾಯಾಗ್ರಹಣಕ್ಕೆ ಆ ಸಂಸ್ಥೆ ನೀಡಿದ ಮೊದಲ ಪದಕವದು. ಲ್ಯಾಪ್‌ವಿಂಗ್ ಎಂದರೆ ಮಲೆನಾಡಿನ ಗದ್ದೆ ಬಯಲುಗಳಲ್ಲಿ ಕೂಗಿ ಎಚ್ಚರಿಸುವ ಟಿಟ್ಟಿಭದ ಹತ್ತಿರದ ಸಂಬಂಧಿ, ದಡಹಕ್ಕಿಗಳ ಬಳಗಕ್ಕೇ ಸೇರಿದ್ದು. ಅದೇ ಕಾಲದಲ್ಲಿ ಕಿಯರ್‌ಟನ್ ಸಹೋದರರು ಹಕ್ಕಿಗಳ ಭಯ ನಿವಾರಿಸಲು ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿ ಅದರೊಳಗೆ ಕ್ಯಾಮೆರಾ ಸಹಿತ ಅಡಗಿ ಕುಳಿತರು. ಅವರ ಮಸೂರಗಳು ದುರ್ಬಲವಾಗಿದ್ದವು, ಫಲಕಗಳು ಮಂದವಾಗಿದ್ದವು. ಹಕ್ಕಿ ನಿಶ್ಚಿಂತೆಯಿಂದಿದ್ದರೆ ಮಾತ್ರ ಚಿತ್ರ ಸಾಧ್ಯವಿತ್ತು. ಉಪಕರಣದ ಕೊರತೆಯೇ ಅವರಿಗೆ ತಾಳ್ಮೆಯನ್ನು ಕಲಿಸಿತು.

ಕನ್ನಡನಾಡಿನಲ್ಲಿಯೂ ಈ ಪರಂಪರೆ ಬಲವಾಗಿಯೇ ಇತ್ತು. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಇವರೆಲ್ಲ ಫಿಲ್ಮಿನ ಕಾಲದ ಮಹನೀಯರು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರ ತೆಗೆದು, ಅವುಗಳ ಕುರಿತು ಕನ್ನಡದಲ್ಲಿಯೇ ಬರೆದು, ಹಕ್ಕಿಯನ್ನು ನೋಡುವುದೂ ಒಂದು ವಿದ್ಯೆ ಎಂಬುದನ್ನು ಮಲೆನಾಡಿನ ತರುಣರಿಗೆ ಮನಗಾಣಿಸಿದರು. ಫಿಲ್ಮು ದುಬಾರಿಯಾಗಿದ್ದ ಆ ದಿನಗಳಲ್ಲಿ ಒಂದು ಸುರುಳಿಯಲ್ಲಿ 36 ಚಿತ್ರಗಳು ಮಾತ್ರ. ಗುಂಡಿ ಒತ್ತುವ ಮುನ್ನ ಯೋಚಿಸಲೇಬೇಕಿತ್ತು. ಇಂದಿನ ಕ್ಯಾಮೆರಾ ಎರಡೇ ಸೆಕೆಂಡುಗಳಲ್ಲಿ ಅಷ್ಟು ಚಿತ್ರಗಳನ್ನು ತೆಗೆಯಬಲ್ಲದು. ಹಿಂದೆ ಉಪಕರಣ ವಿಧಿಸುತ್ತಿದ್ದ ಸಂಯಮವನ್ನು ಇಂದು ಬಳಸುವವರೇ ವಿಧಿಸಿಕೊಳ್ಳಬೇಕಾಗಿದೆ.

ಒಳ್ಳೆಯ ಚಿತ್ರಕ್ಕೂ ಹಕ್ಕಿಯ ಹಿತಕ್ಕೂ ವಿರೋಧವಿದೆಯೆಂದು ಭಾವಿಸುವುದು ತಪ್ಪು. ಅಟ್ಟಿಸಿದ ಹಕ್ಕಿ ಬೆನ್ನು ತೋರಿಸಿ ಹಾರುತ್ತದೆ; ಚಿತ್ರದಲ್ಲಿ ದೊರೆಯುವುದು ಬಾಲ. ತಾನಾಗಿ ಸಮೀಪಿಸಿದ ಹಕ್ಕಿ ಮಾತ್ರ ಕಣ್ಣಿಗೆ ಕಣ್ಣು ಕೊಡುತ್ತದೆ. ಅನುಭವಿಗಳು ನೀರು ಏರತೊಡಗುವ ಮೊದಲೇ ದಡದಲ್ಲಿ ಒಂದೆಡೆ ಕುಳಿತುಬಿಡುತ್ತಾರೆ ಅಥವಾ ಮಲಗುತ್ತಾರೆ. ನೀರು ಏರಿದಂತೆ ಹಕ್ಕಿಗಳು ತಾವಾಗಿಯೇ ಮೇಯುತ್ತ ಅವರತ್ತ ಸರಿದುಬರುತ್ತವೆ. ನೆಟ್ಟಗೆ ನಿಂತ ಮನುಷ್ಯಾಕೃತಿಗೆ ಬೆದರುವ ಹಕ್ಕಿ ನೆಲಕ್ಕಂಟಿ ಅಲುಗಾಡದಿರುವ ಆಕೃತಿಗೆ ಅಷ್ಟಾಗಿ ಬೆದರದು. ಬೆಳಗಿನ ಓರೆ ಬಿಸಿಲು ಬೆನ್ನಿಗಿದ್ದರೆ ಬಣ್ಣಗಳು ನಿಜವಾಗಿ ಮೂಡುತ್ತವೆ. ಬಿಸಿಲೇರಿ ಮರಳು ಕಾದ ಮೇಲೆ ಗಾಳಿ ನಡುಗಿ, ಎಷ್ಟೇ ಬೆಲೆಬಾಳುವ ಮಸೂರವಾದರೂ ದೂರದ ಚಿತ್ರ ಕಲಕಿಹೋಗುತ್ತದೆ. ಆಗ ಇನ್ನೂ ಹತ್ತಿರ ಹೋಗಬೇಕೆಂಬ ಆಸೆ ಹುಟ್ಟುವುದು ಸಹಜ. ಎದ್ದು ಹೊರಡಬೇಕಾದ ವೇಳೆಯೂ ಅದೇ.

ಹಕ್ಕಿ ತನ್ನ ಅಸಮಾಧಾನವನ್ನು ಹಾರುವ ಮೊದಲೇ ತಿಳಿಸುತ್ತದೆ. ಮೇಯುವುದನ್ನು ನಿಲ್ಲಿಸಿ ಕತ್ತು ನೀಳವಾಗಿ ಎತ್ತುವುದು, ಬೆನ್ನಲ್ಲಿ ಹುದುಗಿಸಿದ ಕೊಕ್ಕನ್ನು ಹೊರತೆಗೆಯುವುದು, ಮಡಿಸಿದ ಕಾಲನ್ನು ನೆಲಕ್ಕೂರುವುದು, ಬೇರೆಡೆಗೆ ಸರಸರನೆ ನಡೆಯತೊಡಗುವುದು, ಎಚ್ಚರಿಕೆಯ ಕೂಗು ಹಾಕುವುದು ಇವೆಲ್ಲ ‘ಇನ್ನು ಮುಂದೆ ಬರಬೇಡ’ ಎಂಬುದರ ಸ್ಪಷ್ಟ ನುಡಿ. ಆ ನುಡಿಯನ್ನು ಓದಲು ಬಾರದವರು ಹಕ್ಕಿಯ ಹೆಸರುಗಳನ್ನು ಎಷ್ಟು ಕಂಠಪಾಠ ಮಾಡಿದರೂ ಅವರ ಅಕ್ಷರಾಭ್ಯಾಸ ಇನ್ನೂ ಆಗಿಲ್ಲವೆಂದೇ ಹೇಳಬೇಕು.

ಗೂಡಿನ ಬಳಿ ಕ್ಯಾಮೆರಾಕ್ಕೆ ಕೆಲಸವಿಲ್ಲ

ಕಡಲು ತನ್ನ ಮೊಟ್ಟೆಗಳನ್ನು ಕದ್ದೊಯ್ದಾಗ ಅದರ ವಿರುದ್ಧವೇ ಸೆಡ್ಡು ಹೊಡೆದ ಟಿಟ್ಟಿಭ ದಂಪತಿಗಳ ಪಂಚತಂತ್ರದ ಕಥೆಯನ್ನು ಮಲೆನಾಡಿನ ಮಕ್ಕಳೂ ಬಲ್ಲರು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಸಂಕಟ ಇಂದಿಗೂ ಕಥೆಯಾಗಿ ಉಳಿದಿಲ್ಲ, ವಾಸ್ತವವಾಗಿಯೇ ಇದೆ. ಇದಕ್ಕೆ ಕಡಲವರೆಗೆ ಹೋಗಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ನದಿ ರೀವಗಳು ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಕಡಲ ರೀವಗಳ ಈ ಒಳನಾಡಿನ ಬಂಧು ಇಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ಅಪಾಯಕ್ಕೀಡಾಗಬಲ್ಲ’ ಜಾತಿಯಾಗಿ ಸೇರಿದೆ. ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಆ ಮೊಟ್ಟೆಗಳಿಗೆ ತಾಯಿಯ ಮೈಯೇ ಚಪ್ಪರ. ದೋಣಿ ತೀರ ಸಮೀಪಿಸಿ ಹಕ್ಕಿ ಎದ್ದುಹೋದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೆಲವೇ ಹೊತ್ತು ಸಾಕು, ಮೊಟ್ಟೆಯೊಳಗಿನ ಜೀವ ಬೇಯುತ್ತದೆ. ಕಾಗೆ, ಹದ್ದುಗಳು ಹೊಂಚುಹಾಕಿಯೇ ಇರುತ್ತವೆ.

ದೂರದಿಂದ ಹಾರಿಸುವ ಡ್ರೋನ್ ಸುರಕ್ಷಿತವೆಂಬ ನಂಬಿಕೆಯೂ ಸುಳ್ಳು. 2021ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಬೋಲ್ಸಾ ಚಿಕಾ ಸಂರಕ್ಷಿತ ಪ್ರದೇಶದಲ್ಲಿ ಒಂದು ಡ್ರೋನ್ ರೀವಗಳ ಗೂಡಿನ ನಡುಗಡ್ಡೆಗೆ ಬಿದ್ದಿತು. ಬೆದರಿದ ಸಾವಿರಾರು ಎಲಿಗಂಟ್ ಟರ್ನ್ ಹಕ್ಕಿಗಳು ಎದ್ದುಹೋದವು, ಮರಳಲಿಲ್ಲ. ಹಿಂದೆ ಉಳಿದದ್ದು 1,500ಕ್ಕೂ ಹೆಚ್ಚು ಮೊಟ್ಟೆಗಳು. ಆಕಾಶದಲ್ಲಿ ತಲೆಯ ಮೇಲೆ ತೇಲುವ ಯಾವುದೇ ಆಕೃತಿಯೂ ನೆಲಗೂಡಿನ ಹಕ್ಕಿಗೆ ಗಿಡುಗನೇ.

ಕಾನೂನು ಈ ವಿಷಯದಲ್ಲಿ ಜನಸಾಮಾನ್ಯರು ತಿಳಿದುದಕ್ಕಿಂತ ಕಠಿಣವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬುದಕ್ಕೆ ಕೊಂದು ಕೆಡಹುವುದಷ್ಟೇ ಅರ್ಥವಲ್ಲ. ಕಾಡುಜೀವಿಯನ್ನು ಅಟ್ಟುವುದು, ಆಮಿಷವೊಡ್ಡುವುದು, ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಕದಡುವುದು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತವೆ. ಅಂದರೆ ಹಕ್ಕಿಗಳನ್ನು ಅಟ್ಟುವುದನ್ನೂ ಗೂಡು ಕದಡುವುದನ್ನೂ ಬೇಟೆಯ ಸಾಲಿಗೆ ಸೇರಿಸಿದವರು ಪರಿಸರವಾದಿಗಳಲ್ಲ, ದೇಶದ ಶಾಸನಕರ್ತರೇ.

ದೊಡ್ಡ ಹಾನಿಗಳ ಮುಂದೆ ಇದು ಸಣ್ಣದಲ್ಲವೇ?

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಬಂದರು, ಮರಳುಗಾರಿಕೆ, ಕಡಲ್ಕೊರೆತ ತಡೆಯುವ ಕಲ್ಲಿನ ಗೋಡೆ, ಬೀದಿನಾಯಿ, ಪ್ರವಾಸಿಗರ ವಾಹನ ಇವುಗಳ ಹಾವಳಿಯ ಮುಂದೆ ನಾಲ್ಕು ಮಂದಿ ಛಾಯಾಗ್ರಾಹಕರ ತಪ್ಪು ಯಾವ ಲೆಕ್ಕ? ಹಗಲೆಲ್ಲ ಕೆಸರಿನಲ್ಲಿ ತಿರುಗುವ ಮೀನುಗಾರರು, ಬಳಚು ಆರಿಸುವವರು ಹಕ್ಕಿಗಳನ್ನು ಎಬ್ಬಿಸುವುದಿಲ್ಲವೇ?

ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ನೆಲೆಯೇ ನಾಶವಾದರೆ ಹಕ್ಕಿಗೆ ಉಳಿವಿಲ್ಲ. ಛಾಯಾಗ್ರಾಹಕರ ಹಾನಿ ಅದಕ್ಕೆ ಸಮನಲ್ಲ. ಆದರೆ ಬಳಚು ಆರಿಸುವ ಮಹಿಳೆ ಹಕ್ಕಿಯನ್ನು ದಿಟ್ಟಿಸುವುದಿಲ್ಲ, ಅದನ್ನು ಬೆನ್ನಟ್ಟುವುದಿಲ್ಲ. ಆಕೆಯದು ದಿನನಿತ್ಯದ, ನಿಧಾನದ, ಊಹಿಸಬಹುದಾದ ನಡಿಗೆ. ಅಂತಹ ನಡಿಗೆಗೆ ಹಕ್ಕಿ ಒಗ್ಗಿಕೊಳ್ಳಬಲ್ಲದು. ಛಾಯಾಗ್ರಾಹಕ ನೇರವಾಗಿ ಹಕ್ಕಿಯತ್ತಲೇ ಬರುತ್ತಾನೆ, ಮತ್ತೆ ಮತ್ತೆ ಬರುತ್ತಾನೆ, ಭರತದ ವಿಶ್ರಾಂತಿಯ ತಾಣಕ್ಕೇ ಬರುತ್ತಾನೆ. ಇದಕ್ಕಿಂತ ಮುಖ್ಯವಾಗಿ, ಆಕೆ ಹೊಟ್ಟೆಪಾಡಿಗಾಗಿ ಬಂದವಳು. ಆತ ಹಕ್ಕಿಯ ಮೇಲಿನ ಪ್ರೀತಿಯ ಹೆಸರಿನಲ್ಲಿ ಬಂದವನು. ಪ್ರೀತಿಯ ಹೆಸರಿನಲ್ಲಿ ಬಂದವನಿಗೆ ಹೊಣೆ ಹೆಚ್ಚು.

ದೊಡ್ಡ ಹಾನಿಗಳು ಎದುರಿಗಿರುವುದರಿಂದಲೇ ಛಾಯಾಚಿತ್ರದ ನಿಜವಾದ ಉಪಯೋಗವನ್ನು ಅರಿಯುವುದು ಅಗತ್ಯ. ಹೊಲದ ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವ ರೈತ ಯಾವ ಸರ್ವೆ ನಂಬರಿನದು, ಎಷ್ಟು ಆಳದ್ದು, ಎಂದು ತೆಗೆದದ್ದು ಎಂಬ ಚೀಟಿಯನ್ನು ಜೊತೆಗಿಡದಿದ್ದರೆ ಅದು ಮಾದರಿಯಲ್ಲ, ಬರಿಯ ಮಣ್ಣು. ದಿನಾಂಕ, ಸ್ಥಳ, ಭರತದ ಸ್ಥಿತಿ, ಹಕ್ಕಿಗಳ ಎಣಿಕೆ ಇಲ್ಲದ ಚಿತ್ರವೂ ಹಾಗೆಯೇ. ಅದು ಗೋಡೆಗೆ ಅಲಂಕಾರವಾದೀತು, ಅಳಿವೆಗೆ ಆಸರೆಯಾಗದು.

ಚೀಟಿ ಸಹಿತವಾದ ಚಿತ್ರ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಿಂದಲೂ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅಧ್ಯಯನ ಮಾಡುತ್ತ ಬಂದಿದೆ. ಇತ್ತೀಚಿನ ದಶಕಗಳಲ್ಲಿ ದಡಹಕ್ಕಿಗಳ ಕಾಲಿಗೆ ಬಣ್ಣದ ಪುಟ್ಟ ಪಟ್ಟಿಗಳನ್ನೂ ಕಟ್ಟಲಾಗುತ್ತಿದೆ. ಬಣ್ಣದ ಜೋಡಣೆ ಯಾವ ದೇಶದ್ದೆಂದೂ, ಅಕ್ಷರಗಳು ಯಾವ ಹಕ್ಕಿಯೆಂದೂ ಹೇಳುತ್ತವೆ. ಹಿಂದೆ ಆ ಹಕ್ಕಿಯನ್ನು ಮತ್ತೆ ಹಿಡಿದರೆ ಮಾತ್ರ ಸುದ್ದಿ ತಿಳಿಯುತ್ತಿತ್ತು. ಇಂದು ದೂರದಿಂದ ತೆಗೆದ ಒಂದು ಸ್ಪಷ್ಟ ಚಿತ್ರ ಸಾಕು. ಹಳ್ಳಿಯ ವಿದ್ಯಾರ್ಥಿಯೊಬ್ಬ ತೆಗೆದ ಚಿತ್ರ ಎರಡು ದೇಶಗಳ ನಡುವಿನ ಹಾರುದಾರಿಯನ್ನು ಜೋಡಿಸಬಲ್ಲದು.

2023ರಲ್ಲಿ ಪ್ರಕಟವಾದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದುದು ಸುಮಾರು 30,000 ಹಕ್ಕಿವೀಕ್ಷಕರು ನೀಡಿದ 3 ಕೋಟಿ ದಾಖಲೆಗಳು. ತೀವ್ರವಾಗಿ ಕ್ಷೀಣಿಸುತ್ತಿರುವ ಗುಂಪುಗಳಲ್ಲಿ ವಲಸೆಯ ದಡಹಕ್ಕಿಗಳೂ ಸೇರಿವೆ ಎಂಬ ಕಳವಳಕಾರಿ ಸಂಗತಿ ಬೆಳಕಿಗೆ ಬಂದದ್ದು ಹೀಗೆ ದಿನಾಂಕ, ಸ್ಥಳಗಳೊಡನೆ ಬರೆದಿಟ್ಟ ಸಾಮಾನ್ಯ ಜನರಿಂದ. 2024ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಗ್ರೇ ಪ್ಲೋವರ್, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು ‘ಅಪಾಯಕ್ಕೀಡಾಗಬಲ್ಲ’ ವರ್ಗಕ್ಕೂ, ರಡ್ಡಿ ಟರ್ನ್‌ಸ್ಟೋನ್ ಅದರ ಸಮೀಪದ ವರ್ಗಕ್ಕೂ ಜಾರಿದವು. ಈ ಮೂರೂ ಭಾರತದ ಪಶ್ಚಿಮ ಕರಾವಳಿಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳೇ.

ಯೋಜನೆಗಳ ಪರಿಸರ ಪರಿಣಾಮ ಅಧ್ಯಯನ ನಡೆಯುವಾಗ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿಯನ್ನು ಸಂಗ್ರಹಿಸಲಾಗುತ್ತದೆ. ಆ ಸಂಗ್ರಹ ಮೇ ತಿಂಗಳಲ್ಲಿ ನಡೆದರೆ ವಲಸೆ ಹಕ್ಕಿಗಳ ಬಹುಪಾಲು ಅಷ್ಟರಲ್ಲಿ ಉತ್ತರಕ್ಕೆ ಹೋಗಿಯಾಗಿರುತ್ತದೆ. ಕಾಗದದ ಮೇಲೆ ಅಳಿವೆ ಬರಿದಾಗಿ ಕಾಣುತ್ತದೆ. ಅಂತಹ ವೇಳೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದುನಿಂತು, ಇಂಥ ವರ್ಷದ ಇಂಥ ದಿನ, ಇಂಥ ದಿಣ್ಣೆಯ ಮೇಲೆ, ಇಷ್ಟು ಹಕ್ಕಿಗಳಿದ್ದವು, ಇಗೋ ಚಿತ್ರ ಎಂದು ತೋರಿಸಬಲ್ಲವರು ಬೇಕು. ಬೆದರಿ ಹಾರುತ್ತಿರುವ, ಊರು-ದಿನಗಳಿಲ್ಲದ ಸುಂದರ ಚಿತ್ರ ಅಲ್ಲಿ ಏನನ್ನೂ ಸಾಬೀತುಪಡಿಸುವುದಿಲ್ಲ.

ಮಾಡಬಹುದಾದ ಕೆಲಸ

ಮಲೆನಾಡಿನ ಶಾಲೆ-ಕಾಲೇಜುಗಳ ಪರಿಸರ ಸಂಘಗಳು ದುಬಾರಿ ಉಪಕರಣಗಳಿಲ್ಲದೆಯೂ ಈ ಕೆಲಸವನ್ನು ಕೈಗೊಳ್ಳಬಹುದು. ಒಂದು ಅಳಿವೆ ಅಥವಾ ಜಲಾಶಯದ ದಂಡೆಯಲ್ಲಿ ಒಂದು ನಿಶ್ಚಿತ ಜಾಗವನ್ನು ಆರಿಸಿಕೊಂಡು, ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ತಿಂಗಳಿಗೊಮ್ಮೆ, ಭರತದ ಒಂದೇ ಹಂತದಲ್ಲಿ, ದೂರದಿಂದಲೇ ಇಡೀ ದಿಣ್ಣೆಯ ಚಿತ್ರವನ್ನು ಎಡದಿಂದ ಬಲಕ್ಕೆ ಸಾಲಾಗಿ ತೆಗೆಯಬೇಕು. ಎಣಿಕೆಯನ್ನು ಮನೆಯಲ್ಲಿ ಕುಳಿತು ಚಿತ್ರದ ಮೇಲೆಯೇ ಮಾಡಬಹುದು. ಹಕ್ಕಿಯ ಹೆಸರು ತಿಳಿಯದಿದ್ದರೂ ಎಣಿಕೆಗೆ ಬೆಲೆಯಿದೆ, ಹೆಸರನ್ನು ಬಲ್ಲವರು ಮುಂದೆ ಸೇರಿಸುತ್ತಾರೆ. 1987ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆಯುತ್ತ ಬಂದಿರುವ ಏಷ್ಯಾದ ನೀರುಹಕ್ಕಿ ಗಣತಿಯಲ್ಲಿ ಸ್ವಯಂಸೇವಕರಾಗಿ ಪಾಲ್ಗೊಳ್ಳಲೂ ಅವಕಾಶವಿದೆ.

ಕೆಸರಿಗೆ ಇಳಿಯುವ ಮುನ್ನ ಸ್ಥಳೀಯ ಮೀನುಗಾರರನ್ನೋ ಬಳಚು ಆರಿಸುವವರನ್ನೋ ವಿಚಾರಿಸುವುದು ಒಳಿತು. ನೀರು ಯಾವ ಕಡೆಯಿಂದ ಸುತ್ತುವರಿಯುತ್ತದೆ, ಕೆಸರು ಎಲ್ಲಿ ಆಳ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಭರತದ ವೇಳೆ ಗುಂಪಾಗಿ ವಿಶ್ರಮಿಸುತ್ತಿರುವ ಹಕ್ಕಿಗಳ ದಿಣ್ಣೆಯನ್ನು ಏರಬಾರದು. ಗೂಡು ಕಂಡರೆ ಬಂದ ದಾರಿಯಲ್ಲೇ ಹಿಂದಿರುಗಬೇಕು, ಅದರ ಸ್ಥಳವನ್ನು ಹತ್ತು ಮಂದಿಗೆ ಸಾರಬಾರದು. ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವುದು, ಮೀನು ಚೆಲ್ಲಿ ರೀವ, ಹದ್ದುಗಳನ್ನು ಆಕರ್ಷಿಸುವುದು ಸಲ್ಲದು. ಛಾಯಾಚಿತ್ರ ಸ್ಪರ್ಧೆಗಳನ್ನು ಏರ್ಪಡಿಸುವ ಸಂಘ ಸಂಸ್ಥೆಗಳಿಗೂ ಒಂದು ಕರ್ತವ್ಯವಿದೆ: ಚಿತ್ರದ ಜೊತೆಗೆ ದಿನಾಂಕ, ಸ್ಥಳ, ತೆಗೆದ ವಿಧಾನಗಳ ವಿವರವನ್ನು ಕೇಳಬೇಕು, ಗೂಡಿನ ಚಿತ್ರಗಳನ್ನು ಸ್ವೀಕರಿಸಬಾರದು, ಅಟ್ಟಿಸಿ ತೆಗೆದ ಚಿತ್ರಗಳಿಗೆ ಬಹುಮಾನ ಕೊಡಬಾರದು. ಬಹುಮಾನ ನಿಂತರೆ ಓಟವೂ ತಾನಾಗಿ ನಿಲ್ಲುತ್ತದೆ.

ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಎಂಬ ದಡಹಕ್ಕಿಯ ಕಥೆ ಎಲ್ಲರಿಗೂ ಎಚ್ಚರಿಕೆಯಾಗಬೇಕು. ಸೈಬೀರಿಯಾ ಸೀಮೆಯಿಂದ ಮೆಡಿಟರೇನಿಯನ್ ತೀರದವರೆಗೆ ವಲಸೆ ಹೋಗುತ್ತಿದ್ದ ಆ ಹಕ್ಕಿ ಖಚಿತವಾಗಿ ಕೊನೆಯ ಬಾರಿ ಕಾಣಿಸಿಕೊಂಡದ್ದು 1995ರ ಫೆಬ್ರುವರಿಯಲ್ಲಿ, ಮೊರಾಕ್ಕೊ ದೇಶದ ಮೆರ್ಜಾ ಜೆರ್ಗಾ ಎಂಬ ಕಡಲ ಹಿನ್ನೀರಿನಲ್ಲಿ. ಅಲ್ಲಿ ತೆಗೆದ ಚಿತ್ರಗಳು ಇಂದಿಗೂ ಇವೆ. ಮೂರು ದಶಕಗಳ ಹುಡುಕಾಟದ ಬಳಿಕ, 2025ರಲ್ಲಿ, ಅದನ್ನು ಅಳಿದ ಜಾತಿಯೆಂದು ಕೆಂಪುಪಟ್ಟಿಯಲ್ಲಿ ಘೋಷಿಸಲಾಯಿತು. ಚಿತ್ರ ಹಕ್ಕಿಯನ್ನು ಉಳಿಸಲಾರದು. ಹಕ್ಕಿ ಇನ್ನೂ ಇರುವಾಗಲೇ ಅದರ ನೆಲೆಯ ಪರವಾಗಿ ನುಡಿಯುವ ಚಿತ್ರ ಮಾತ್ರ ಒಂದಿಷ್ಟು ಉಪಕಾರ ಮಾಡಬಲ್ಲದು. ಅಘನಾಶಿನಿ, ಶರಾವತಿ, ಕಾಳಿ, ಗಂಗಾವಳಿಗಳ ಅಳಿವೆಗಳಲ್ಲಿ ಆ ಅವಕಾಶ ಇಂದಿಗೂ ಉಳಿದಿದೆ. ಹಕ್ಕಿಗೆ ತಿಳಿಯದಂತೆ ತೆಗೆದ, ಲೋಕಕ್ಕೆ ತಿಳಿಯುವಂತೆ ದಾಖಲಿಸಿದ ಚಿತ್ರಗಳು ಮಲೆನಾಡಿನ ತರುಣ ತರುಣಿಯರಿಂದ ಹೆಚ್ಚು ಹೆಚ್ಚಾಗಿ ಬರಲಿ.